ಹಿಂದಕ್ಕೆ ಹೋಗದ ಗಾಡಿ

ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ನನಗೆ ನಗು ಬರುತ್ತದೆ. ಮುಂದಕ್ಕೆ ಹೋಗುವಾಗ ನನ್ನದು ಪರೀಕ್ಷೆ ಕೋಣೆಯಲ್ಲಿ ಓಡಾಡುವ ಟೀಚರಿನ ಮುಖ. ಆದರೆ ರಿವರ್ಸ್ ಗೇರು ‘ಟಕ್’ ಅಂತ ಬಿತ್ತೋ, ಹೊಟ್ಟೆಯೊಳಗಿನಿಂದ ನಗು ಕಿಲಕಿಲ ಎದ್ದು ಬರುತ್ತದೆ, ತಡೆದರೂ ನಿಲ್ಲದು. ಮೊನ್ನೆ ಶಾಲೆಯ ಅಂಗಳದಲ್ಲಿ ಹಾಗೆಯೇ ಆಯಿತು. ಪಕ್ಕದಲ್ಲಿ ಕೂತಿದ್ದ ಹೊಸ ಟೀಚರು ಗಾಬರಿಯಾಗಿ, “ಏನಾಯ್ತ್ರಿ ಬಾಯಿ? ಯಾರಿಗರೆ ಬಡೀತೇನ್ರಿ?” ಅಂದಳು. ನಮ್ಮ ಕಡೆ ಶಾಲೆಯ ಟೀಚರನ್ನು ‘ಬಾಯಿ’ ಅಂತಲೇ ಕರೆಯುವುದು. ಯಾರಿಗೂ ಬಡಿದಿಲ್ಲ ತಂಗಿ, ಇದೊಂದು ಹಳೆಯ ಖುಷಿ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ನಾನು ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾದಲ್ಲಿ ಕನ್ನಡ ಶಾಲೆಯ ಟೀಚರು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಗಾಡಿ ಹೊಡೆಯಲು ಕಲಿತೆ. ಕಲಿಸಿದ ಪುಣ್ಯಾತ್ಮ ಮೊದಲ ದಿನ ಮೀಸೆ ತಿರುವುತ್ತಿದ್ದ. ನನ್ನ ಲೈಸೆನ್ಸ್ ಬಂದ ದಿನ ನನಗಿಂತ ಮೊದಲು ಹನುಮಂತ ದೇವರಿಗೆ ಕಾಯಿ ಒಡೆಸಿ ಬಂದ. ಇನ್ನು ಗಾಡಿ ಬೇಕಲ್ಲ? ನಮ್ಮ ಮನೆಯವರು, “ಹಳೇದ ತಗೋ. ಹೊಸಾದಕ್ಕ ಒಂದ ಗೀರ ಬಿದ್ರ ನೀ ಮೂರ ದಿನ ಉಣ್ಣಂಗಿಲ್ಲ” ಅಂದರು. ಅದು ಖರೆಯೇ. ಹಳೆಯದನ್ನೇ ಹುಡುಕುವುದು ಅಂತಾಯಿತು.

ಹಳೆಯ ಗಾಡಿಯಲ್ಲಿ ಮೋಸ ಅಡಗುವುದು ಗೇರ್ ಬಾಕ್ಸಿನಲ್ಲಿ ಅಂತ ಯಾರೋ ಹೇಳಿದರು. ನಾನು ಬಿಡುವವಳೇ? ಫೋನಿನಲ್ಲಿ ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿ ಒಂದು ನೋಟುಬುಕ್ಕಿನಲ್ಲಿ ಪಾಠದ ಟಿಪ್ಪಣಿಯಂತೆ ಬರೆದೆ. ಎಂಜಿನ್ ಚಾಲೂ ಇಟ್ಟು, ಗೇರು ಹಾಕದೆ ಸುಮ್ಮನೆ ನಿಲ್ಲಿಸಿದಾಗ ಗುರ್ ಅನ್ನುವ ಸಪ್ಪಳ ಬಂದು, ಕ್ಲಚ್ ತುಳಿದ ಕೂಡಲೇ ನಿಂತರೆ ಒಳಗಿನ ಬೇರಿಂಗ್ ಸವೆದಿದೆ. ಕ್ಲಚ್ ತುಳಿದಾಗಲೇ ಸಪ್ಪಳ ಶುರುವಾದರೆ ಕ್ಲಚ್ಚಿನ ಬೇರಿಂಗ್ ಹೋಗಿದೆ. ಎಂಜಿನ್ ಬಂದ್ ಇದ್ದಾಗ ಸಲೀಸಾಗಿ ಬೀಳುವ ಗೇರು, ಎಂಜಿನ್ ಚಾಲೂ ಆದಾಗ ಹಟ ಮಾಡಿದರೆ ತಪ್ಪು ಗೇರಿನದಲ್ಲ, ಕ್ಲಚ್ಚಿನದು. ಓಡುವಾಗ ಗೇರು ತಾನಾಗಿ ಹೊರಬಿದ್ದರೆ ಆ ಗಾಡಿಗೆ ದೂರದಿಂದಲೇ ಕೈ ಮುಗಿಯಿರಿ. ಕೊನೆಯ ಸಾಲು: ರಿವರ್ಸ್ ಹಾಕಿ ನೋಡುವುದು. ಅದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ಆದರೆ ನಮ್ಮ ಮನೆಯಲ್ಲಿ ಯಾವ ಜೀವ ಬರುವುದಿದ್ದರೂ ಪರೀಕ್ಷೆ ಮಾಡುವವನು ಅಪ್ಪ. ನಮ್ಮದು ಕುರಿ ಸಾಕಿದ ಮನೆತನ, ಮನೆದೇವರು ಬೀರಪ್ಪ. ಹಿಂಡು ಈಗ ತಮ್ಮನ ಕೈಯಲ್ಲಿದೆ, ಅಪ್ಪ, ಅವ್ವ ಉಮರ್ಗಾದಲ್ಲಿ ನಮ್ಮ ಜೊತೆಗಿದ್ದಾರೆ. ಆದರೂ ಹತ್ತಿರದ ಮುರುಮ ಊರಿನಲ್ಲಿ ಯಾರಾದರೂ ಟಗರು ಕೊಳ್ಳುವುದಿದ್ದರೆ ಅಪ್ಪನಿಗೆ ಫೋನು ಬರುತ್ತದೆ. ಅಪ್ಪ ಹೋಗಿ ಹಲ್ಲು ನೋಡುತ್ತಾನೆ, ಸೊಂಟ ಒತ್ತುತ್ತಾನೆ, ಕೊನೆಗೆ ಪಕ್ಕೆಗೆ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಾನೆ. ಅವನು “ನಿರೋಗಿ” ಅಂದರೆ ನಿರೋಗಿ. ನಾನು ಸಣ್ಣಾಕಿ ಇದ್ದಾಗ ನನ್ನ ಜ್ವರವನ್ನೂ ಹೀಗೆಯೇ ನೋಡುತ್ತಿದ್ದ. ಬೆನ್ನಿಗೆ ಕಿವಿ ಹಚ್ಚಿ, “ಜ್ವರಾ ಅಲ್ಲ ಏನಲ್ಲ, ಕದ್ದು ಹುಣಸಿಕಾಯಿ ತಿಂದಾಳ” ಅನ್ನುತ್ತಿದ್ದ. ಹೆಣ್ಣು ನೋಡಲು ಬಂದ ನಮ್ಮ ಮನೆಯವರನ್ನು ಅಪ್ಪಿಕೊಳ್ಳುವ ನೆಪದಲ್ಲಿ ಎದೆಗೆ ಕಿವಿ ಇಟ್ಟದ್ದನ್ನು ನಾನು ಬಾಗಿಲ ಸಂದಿಯಿಂದ ಕಣ್ಣಾರೆ ನೋಡಿದ್ದೇನೆ. ಒಳಗೆ ಬಂದು ಅವ್ವನಿಗೆ, “ಎದಿ ಸಾಫ್ ಅದ. ಕೊಡೂಣು” ಅಂದ. ಇಪ್ಪತ್ತೈದು ವರ್ಷವಾಯಿತು, ನಮ್ಮ ಮನೆಯವರಿಗೆ ಒಂದು ಕೆಮ್ಮೂ ಬಂದಿಲ್ಲ. ಹೇಗೆ ಅಲ್ಲಗಳೆಯುತ್ತೀರಿ?

“ಗಾಡೀನೂ ಜೀವಾನೇ ಅದವ್ವಾ,” ಅಂದ ಅಪ್ಪ. “ಕುಡೀತದ, ಉಸರ ಬಿಡ್ತದ, ಹಾದಿ ನಡೀತದ. ಮತ್ತೇನ್ ಬೇಕು?”

ಉದಗೀರದಲ್ಲಿ ಒಬ್ಬ ನಿವೃತ್ತ ಮಾಸ್ತರರ ಗಾಡಿ ಮಾರುವುದಿತ್ತು. ಬಿಳಿ ಬಣ್ಣದ ಸಣ್ಣ ಗಾಡಿ, ನಮ್ಮ ಕಡೆಯ ರಸ್ತೆಗಳಲ್ಲಿ ಅಷ್ಟಾಗಿ ಕಾಣದ ಜಾತಿ. ಅಪ್ಪ, ನಮ್ಮ ಮನೆಯವರು, ನಾನು ಮೂವರೂ ಹೋದೆವು. ಅಪ್ಪ ಅದರ ಸುತ್ತ ಎರಡು ಸಲ ತಿರುಗಿದ, ಟಯರು ಒತ್ತಿದ, ಆಮೇಲೆ ಚಾಲೂ ಮಾಡಿಸಿ ಬಾನೆಟ್ಟಿಗೆ ಕಿವಿ ಹಚ್ಚಿದ. ನಾನು ಒಳಗೆ ಕೂತು ನೋಟುಬುಕ್ಕು ನೋಡಿಕೊಂಡು ಕ್ಲಚ್ ತುಳಿಯುವುದು, ಬಿಡುವುದು. ಅವನು ಹೊರಗಿನಿಂದ “ತುಳಿ… ಬಿಡು… ಮತ್ತ ತುಳಿ” ಅನ್ನುವುದು. ಮಾಸ್ತರರ ಹೆಂಡತಿ ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. ಕೊನೆಗೆ ಅಪ್ಪ ಒಳಗೆ ಕೂತು ಗೇರಿನ ಗುಂಡಿನ ಮೇಲೆ ಅಂಗೈ ಇಟ್ಟ. ನಾನು ಓಡಿಸುತ್ತ ಒಂದರಿಂದ ಐದರವರೆಗೆ ಹಾಕಿದೆ. ಒಂದೂ ಕರಕರ ಅನ್ನಲಿಲ್ಲ, ಬೆಣ್ಣೆಯಲ್ಲಿ ಬೆರಳು ಹೋದ ಹಾಗೆ ಬಿದ್ದವು.

“ನಿರೋಗಿ,” ಅಂದ ಅಪ್ಪ. “ನನ್ನ ಮಾತಿನ ಮ್ಯಾಲ ತಗೋ.”

“ರಿವರ್ಸ್ ಒಂದ ಉಳಿದದ ಅಪ್ಪಾ,” ಅಂದೆ.

ಅಪ್ಪ ನಾಲಿಗೆ ಕಚ್ಚಿಕೊಂಡ. “ಹುಚ್ಚೀ! ಹೊಸಾ ಜೀವ ಮನಿಗಿ ಒಯ್ಯೋಮುಂದ ಹಿಂದ ಹೆಜ್ಜಿ ಇಡಸ್ತಾರೇನು?”

ಇದು ನಮ್ಮ ಕುರಿಯವರ ಕಟ್ಟಳೆ. ಕೊಂಡ ಕುರಿಯನ್ನು ಹಳೆಯ ಹಟ್ಟಿಯ ಕಡೆ ಒಂದು ಹೆಜ್ಜೆಯೂ ತಿರುಗಿಸಬಾರದು. ತಿರುಗಿಸಿದರೆ ಅದಕ್ಕೆ ಹಳೆಯ ಹಿಂಡಿನ ನೆನಪು ಅಂಟಿಕೊಂಡು ದಿನಾ ತಪ್ಪಿಸಿಕೊಂಡು ಓಡುತ್ತದೆ. ಹೊರಡುವಾಗ ‘ಹಿಂದೆ’ ಅನ್ನುವ ಮಾತನ್ನೂ ಆಡಬಾರದು. ಮಾಸ್ತರರು ಕೀಲಿ ಕೊಡುತ್ತ, “ಕಾಕಾ, ರಿವರ್ಸ್‌ದು ಒಂದ ಮಾತ ಹೇಳೋದದ ನೋಡ್ರಿ, ಅದು…” ಅಂತ ಶುರು ಮಾಡಿದರು. ಅಪ್ಪ ಎರಡೂ ಕೈ ಮುಗಿದು, “ಮಾಸ್ತರ, ಈಗ ಹಿಂದಿನ ಮಾತ ಬ್ಯಾಡ್ರಿ. ಹೊತ್ತ ಚೊಲೊ ಅದ, ಬಿಟ್ಟಕೊಡ್ರಿ” ಅಂದ. ಮಾಸ್ತರರು ದೊಡ್ಡವರ ಮಾತು ಮೀರುವವರಲ್ಲ. ಬಾಯಿ ಮುಚ್ಚಿದರು.

ಮನೆಗೆ ಬಂದ ಮೇಲೆ ಇನ್ನೊಂದು ಶಾಸ್ತ್ರ. ಹೊಸದಾಗಿ ಬಂದ ಜೀವದ ಕೊರಳಿಗೆ ಕರಿ ಉಣ್ಣೆಯ ದಾರ ಕಟ್ಟಬೇಕು. ತೊಡೆಯ ಮೇಲೆ ಹೊಸೆದ ದಾರಕ್ಕೆ ಭಂಡಾರದ ಅರಿಶಿನ ಸವರಿ, ಬೀರಪ್ಪನ ಹೆಸರು ಹೇಳಿ ಕಟ್ಟುವುದು. ಕಟ್ಟಿದವನೇ ಬಿಚ್ಚಬೇಕು, ಬೇರೆಯವರು ಗಂಟಿಗೆ ಕೈ ಹಚ್ಚಬಾರದು. ಸರಿ, ಗಾಡಿಯ ಕೊರಳು ಎಲ್ಲಿದೆ? ನಮ್ಮ ಮನೆಯವರು ಮುಂದಿನ ಜಾಳಿಗೆ ತೋರಿಸಿದರು. ಅವ್ವ ಸ್ಟೇರಿಂಗ್ ಅಂದಳು. ಅಪ್ಪ ಒಳಗೆ ಕೂತು ಸುತ್ತ ನೋಡಿ ಗೇರಿನ ಕಡ್ಡಿ ಹಿಡಿದ. “ತಲಿ ಇಲ್ಲಿ ಅದ, ಕೊಳ್ಳ ಇಲ್ಲಿ ಅದ. ಇದಾ ಖರೇ ಜಾಗಾ,” ಅಂದವನೇ ಗುಂಡಿನ ಕೆಳಗೆ ಏಳು ಸುತ್ತು ಸುತ್ತಿ, ಹಲ್ಲಿನಿಂದ ಎಳೆದು ಗಂಟು ಬಿಗಿದ. ಚಳಿಗೆ ಮಫ್ಲರ್ ಸುತ್ತಿಕೊಂಡ ಮುದುಕನ ಹಾಗೆ ಕಾಣುತ್ತಿತ್ತು ಗೇರು.

ಮರುದಿನ ಮುಂಜಾನೆ ಶಾಲೆಗೆ ಹೊರಟೆ. ಗಾಡಿಯ ಮುಖ ತುಳಸಿಕಟ್ಟೆಯ ಕಡೆ, ಬಾಗಿಲು ಹಿಂದೆ. ಗುಂಡಿನ ಮೇಲಿನ ಚಿತ್ರದಲ್ಲಿ ಇದ್ದಂತೆ ಎಡಕ್ಕೆ ಎಳೆದು ಮೇಲಕ್ಕೆ ರಿವರ್ಸ್ ಹಾಕಿದೆ. ಕನ್ನಡಿಯಲ್ಲಿ ಹಿಂದೆ ನೋಡುತ್ತ ಕ್ಲಚ್ ಬಿಟ್ಟೆ. ಗಾಡಿ ಗಂಭೀರವಾಗಿ ಮುಂದಕ್ಕೆ ಹೋಗಿ ತುಳಸಿಕಟ್ಟೆಗೆ ಹಣೆ ಹಚ್ಚಿತು. ಮತ್ತೆ ಹಾಕಿದೆ, ಮತ್ತೆ ಮುಂದಕ್ಕೇ. ಅವ್ವ ಅಡುಗೆಮನೆಯ ಕಿಟಕಿಯಿಂದ, “ನಮಸ್ಕಾರ ಎಷ್ಟ ಸಲ ಮಾಡ್ತದ ಅದು? ಭಾಳ ಭಕ್ತಿ ಅದ ಬಿಡು” ಅಂದಳು.

ಉಮರ್ಗಾದ ಮೆಕ್ಯಾನಿಕ್ ಬಂದ. ಟ್ರ್ಯಾಕ್ಟರ್ ಕೈಗೆ ಕೊಟ್ಟರೆ ಕಣ್ಣು ಮುಚ್ಚಿ ಬಿಚ್ಚುವವನು. ಈ ಜಾತಿಯ ಗಾಡಿ ಅವನಿಗೆ ಹೊಸದು. ಮೊದಲು ದಾರದ ಭಂಡಾರ ಮುಟ್ಟಿ ಹಣೆಗೆ ಹಚ್ಚಿಕೊಂಡ. ಆಮೇಲೆ ಗೇರು ಎಳೆದಾಡಿ, “ರಿವರ್ಸ್ ಹಾಕಿದ್ರ ಫಸ್ಟ್ ಬೀಳ್ಲಾಕತ್ತದ್ರೀ ಬಾಯಿ. ಗೇರ್ ಬಾಕ್ಸ್ ಒಳಗ ಗಲತ್ ಆಗ್ಯದ” ಅಂದ. ಎಲ್ಲರೂ ಅಪ್ಪನ ಕಡೆ ನೋಡಿದೆವು. ಅಪ್ಪ ಆಕಾಶ ನೋಡಿದ.

ನಮ್ಮ ಮನೆಯವರಿಗೆ ಆಗ ಹೊಳೆಯಿತು: “ಆ ಮಾಸ್ತರ ಅವತ್ತ ಏನೋ ಹೇಳಾಕ ಹೋಗಿದ್ದ. ತಪ್ಪ ಒಪ್ಪಗೊಳ್ಳೋನಿದ್ದ ಅಂವಾ! ಫೋನ್ ಹಚ್ಚು.” ಅಪ್ಪ ಎದ್ದು ನಿಂತ. “ಬ್ಯಾಡ್ರಿ ಅಳಿಯಂದ್ರ. ಪರೀಕ್ಷಾ ಮಾಡಿ ‘ನಿರೋಗಿ’ ಅಂದಾವ ನಾ. ಈಗ ಕೊಟ್ಟಾವರಿಗೆ ಕೇಳಿದ್ರ ನನ್ನ ಮಾತಿಗಿ ಏನ್ ಕಿಮ್ಮತ್ತು?” ಮಾವನ ಆ ದನಿ ಕೇಳಿ ಅಳಿಯ ಫೋನು ಕಿಸೆಗೆ ಹಾಕಿಕೊಂಡರು.

ಅಲ್ಲಿಂದ ಹನ್ನೆರಡು ದಿನ ನಾನು ಬರೀ ಮುಂದಕ್ಕೇ ಬದುಕಿದೆ. ಹಾಗೆ ಬದುಕಿ ನೋಡಿ, ಮಜಾ ಇದೆ! ಎದುರು ಬಾಗಿಲಿನಿಂದ ಹೊಕ್ಕು ಹಿತ್ತಲ ಬಾಗಿಲಿನಿಂದ ಹೊರಬೀಳುವ ಜಾಗ ಮಾತ್ರ ನನಗೆ ಊರು. ಒಂದು ತಿರುವು ತಪ್ಪಿದರೆ ಹೈವೇ ಹಿಡಿದು ಮುಂದಿನ ದೊಡ್ಡ ಸರ್ಕಲ್ಲಿನವರೆಗೆ ಹೋಗಿ ಬರಬೇಕು. ಶಾಲೆಯಲ್ಲಿ ಸಂಜೆ ಗಂಟೆ ಹೊಡೆದ ಮೇಲೆ ಗಣಿತದ ಸರು, ಮರಾಠಿ ಬಾಯಿ, ಹೆಡ್‌ಮಾಸ್ತರರು ಮೂವರೂ ಸೇರಿ ಗಾಡಿಯನ್ನು ಹಿಂದಕ್ಕೆ ನೂಕುತ್ತಿದ್ದರು. ಬಾನೆಟ್ಟಿನ ಮೇಲೆ ಸುಣ್ಣದ ಕಡ್ಡಿಯ ಆರು ಅಂಗೈ ಗುರುತು. ಹೆಡ್‌ಮಾಸ್ತರರು ಏದುಸಿರು ಬಿಡುತ್ತ, “ಬಾಯಿ, ನಿಮ್ಮ ಸಲುವಾಗಿ ನನ್ನ ಹೊಟ್ಟಿ ಇಳೀತು” ಅಂತ ಆಶೀರ್ವಾದ ಮಾಡುತ್ತಿದ್ದರು.

ಆದರೆ ಹತ್ತನೆಯ ದಿನ ಮುರುಮದ ಹಾದಿಯಲ್ಲಿ ಆಗಿದ್ದು ನೋಡಿ. ಕಬ್ಬಿನ ಹಂಗಾಮು. ಸಣ್ಣ ರಸ್ತೆ, ಎರಡೂ ಕಡೆ ಜಾಲಿ. ಪಕ್ಕದಲ್ಲಿ ಅಪ್ಪ. ಎದುರಿಗೆ ಎರಡು ಟ್ರಾಲಿ ತುಂಬ ಕಬ್ಬು ಎಳೆದುಕೊಂಡು ಟ್ರ್ಯಾಕ್ಟರ್ ಬಂತು. ಡ್ರೈವರ್ ಮರಾಠಿಯಲ್ಲಿ, “ತಾಈ, ಮಾಗೆ ಘ್ಯಾ!” ಅಂದ, ಹಿಂದಕ್ಕೆ ತಗೊಳ್ಳಿ ಅಂತ.

“ಮಾಗೆ ಜಾತ ನಾಹೀ!” ಅಂದೆ. ಹಿಂದಕ್ಕೆ ಹೋಗುವುದಿಲ್ಲ.

“ಮಾಝಂ ಪಣ ಜಾತ ನಾಹೀ!” ಅಂದ ಅವನು. ನನ್ನದೂ ಹೋಗುವುದಿಲ್ಲ. ಪಾಪ, ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಅದ್ಯಾವ ಗಂಡಸು ಹಿಂದಕ್ಕೆ ತೆಗೆದಾನು?

ನೋಡೋಣ, ದೇವರು ದೊಡ್ಡವನು ಅಂತ ರಿವರ್ಸ್ ಹಾಕಿದೆ. ಗಾಡಿ ಟ್ರ್ಯಾಕ್ಟರಿನ ಮೇಲೇ ಒಂದು ಮೊಳ ಜಿಗಿಯಿತು. ಡ್ರೈವರ್ ಕಾಲು ಎತ್ತಿ ಸೀಟಿನ ಮೇಲೆ ಕೂತುಬಿಟ್ಟ. ನನಗೆ ಆ ಹೊತ್ತಿನಲ್ಲೂ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಅಷ್ಟರಲ್ಲಿ ಬೈಕಿನವರು, ಹೊಲದವರು ಸೇರಿದರು. ಆರು ಜನ ಬಾನೆಟ್ಟಿಗೆ ಕೈ ಹಚ್ಚಿ ನೂಕಿದರು. ಅಪ್ಪ ಗಾಡಿಯ ಹಿಂದೆ ಹೋಗಿ ನಿಂತು ಕುರಿ ಕರೆಯುವ ಹಾಗೆ “ಹುರ್ರ್… ಬಾ… ಹುರ್ರ್” ಅನ್ನುತ್ತ ದಾರಿ ತೋರಿಸಿದ. ನೂಕಿದವರಲ್ಲಿ ಮುರುಮದ ಒಬ್ಬ ಪರಿಚಯದವನಿದ್ದ. ಬೆವರು ಒರೆಸಿಕೊಳ್ಳುತ್ತ, “ಕಾಕಾ, ಇದು ನೀ ಕಿವಿ ಹಚ್ಚಿ ತಗೊಂಡಿದ್ದ ಗಾಡೀನೇ ಅಲ್ಲಾ?” ಅಂದ. ಅವನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಆದರೆ ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

ಆ ಸಂಜೆ ಮುರುಮದಿಂದ ಟಗರು ನೋಡಲು ಬಾ ಅಂತ ಫೋನು ಬಂತು. ಅಪ್ಪ, “ನಂಗ ಈಚೀಚಿಗಿ ಕಿವಿ ಕೇಳವಲ್ದಪ್ಪಾ. ಬ್ಯಾರೆಯವರಿಗಿ ಕರೀರಿ” ಅಂದುಬಿಟ್ಟ. ಪಕ್ಕದ ಮನೆಯಲ್ಲಿ ಹಾಲು ಉಕ್ಕುವುದನ್ನು ಇಲ್ಲಿಂದಲೇ ಕೇಳುವ ಮನುಷ್ಯ! ಗಾಡಿ ಹಾಳಾಗಲಿ, ಹಿಂದಕ್ಕೆ ಹೋಗದಿದ್ದರೆ ನೂಕಿಸಿಕೊಂಡು ಬಾಳುವೆ ಮಾಡಿಯೇನು. ಅಪ್ಪನ ಮಾತು ಸುಳ್ಳಾಗಬಾರದಿತ್ತು. ನಾನು ಮನಸ್ಸಿನಲ್ಲೇ ಬೀರಪ್ಪನಿಗೆ ಹೇಳಿಕೊಂಡೆ: ಗೇರ್ ಬಾಕ್ಸ್ ಒಂದು ಚೊಲೊ ಇರಲಪ್ಪಾ, ಉಳಿದದ್ದು ಏನು ಬೇಕಾದರೂ ಕೆಡಲಿ.

ನಿಲಂಗಾದಲ್ಲಿ ಗೇರ್ ಬಾಕ್ಸಿಗೇ ಹೆಸರಾದ ಒಬ್ಬ ಉಸ್ತಾದರಿದ್ದಾರೆ. ರವಿವಾರ ಅಲ್ಲಿಗೆ ಹೊರಟೆವು. ಯಾವಾಗಲೂ ಮುಂದಿನ ಸೀಟು ಹಿಡಿಯುವ ಅಪ್ಪ ಅಂದು ತಾನಾಗಿ ಹಿಂದೆ ಕೂತ. ಉಸ್ತಾದರ ಕಾಲು ಮುರಿದು ಪ್ಲಾಸ್ಟರ್ ಹಾಕಿತ್ತು. ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಮಲಗಿಕೊಂಡೇ ಪರೀಕ್ಷೆ ಮಾಡಿದರು. “ಕ್ಲಚ್ ದಬಾವ್… ಛೋಡೋ.” ನಾನು ತುಳಿದೆ, ಬಿಟ್ಟೆ. “ಬೇರಿಂಗ್ ಅಚ್ಛಾ ಅದ. ಗೇರಿನ ಹಲ್ಲೂ ಚೊಲೊ ಅವ.” ಅಪ್ಪನ ತಲೆ ಸ್ವಲ್ಪ ಮೇಲಾಯಿತು. “ಆದ್ರ ರಿವರ್ಸ್‌ಗಿ ಫಸ್ಟ್ ಬೀಳ್ತದ ಅಂದ್ರ ಒಳಗ ಕಡ್ಡಿ ಬಗ್ಗಿರಬೇಕು. ಇಳಸಿ ಬಿಚ್ಚಬೇಕು.” ಅಪ್ಪನ ತಲೆ ಮತ್ತೆ ಕೆಳಗಾಯಿತು.

ಉಸ್ತಾದರು ಊರುಗೋಲು ಹಿಡಿದು ಕುಂಟುತ್ತ ಬಂದು ಕಿಟಕಿಯಲ್ಲಿ ಇಣುಕಿದರು. “ಆ ಗುಂಡಿನ ಬುಡಕ ಒಮ್ಮಿ ನೋಡ್ಬೇಕಾಗಿತ್ತು. ಇದೇನು ಸುತ್ತೀರಿ?”

“ಬೀರಪ್ಪನ ದಾರ ಅದ್ರೀ,” ಅಂದೆ.

“ತೌಬಾ! ದೇವರ ದಾರಕ್ಕ ನಾ ಕೈ ಹಚ್ಚಂಗಿಲ್ಲ,” ಅಂತ ಬೆರಳನ್ನು ಕಣ್ಣಿಗೆ ಒತ್ತಿಕೊಂಡು ಹಿಂದೆ ಸರಿದರು.

ಆಗ ಅಪ್ಪ ಬಾಯಿ ಬಿಟ್ಟ. “ಹೊಟ್ಟಿ ಕೊಯ್ಯೋಕಿಂತ ಮೊದಲ ಹಳೇ ಧಣಿಗಿ ಒಮ್ಮಿ ಕೇಳೂಣು ನಡೀರಿ.” ಅಷ್ಟು ಅನ್ನಲು ಅವನಿಗೆ ಎಷ್ಟು ಕಷ್ಟವಾಯಿತೋ ನನಗೆ ಗೊತ್ತು. ಉದಗೀರದ ದಾರಿಯಲ್ಲಿ ಶಿರೂರ ಅನಂತಪಾಳದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಎರಡು ಕಡೆ ದಾರಿ ಇರುವ ಹೋಟೆಲು ಸಿಗುವವರೆಗೆ ನಾಲ್ಕು ಹೋಟೆಲು ಬಿಟ್ಟೆ. ಅಪ್ಪ ಭಜಿ ಮುಟ್ಟಲಿಲ್ಲ.

ಉದಗೀರದಲ್ಲಿ ಮಾಸ್ತರರು ಗಿಡಕ್ಕೆ ನೀರು ಹಾಕುತ್ತಿದ್ದರು. ನಮ್ಮ ಮನೆಯವರು ಜಗಳದ ಮೊದಲ ವಾಕ್ಯವನ್ನು ದಾರಿಯುದ್ದಕ್ಕೂ ಉರು ಹೊಡೆದಿದ್ದರು. ಅದಕ್ಕಿಂತ ಮೊದಲೇ ಅಪ್ಪ ರುಮಾಲು ತೆಗೆದು, “ಮಾಸ್ತರ, ನಿಮ್ಮದೇನೂ ತಪ್ಪಿಲ್ಲ. ನನ್ನ ಕಿವಿ ತಪ್ಪ್ಯದ. ರಿವರ್ಸ್ ಬೀಳವಲ್ದು” ಅಂದ.

“ಬೀಳವಲ್ದಾ?” ಮಾಸ್ತರರು ಕೊಡ ಕೆಳಗಿಟ್ಟರು. “ಬಳಿ ಎತ್ತೀರಿ ಇಲ್ಲೋ?”

“ಯಾವ ಬಳಿ?” ಮೂವರೂ ಒಟ್ಟಿಗೇ ಕೇಳಿದೆವು.

“ಅಯ್ಯ ನಮ್ಮಪ್ಪಾ! ಗುಂಡಿನ ಕೆಳಗ ಒಂದ ಬಳಿ ಇರ್ತದಲ್ಲಾ, ಅದನ್ನ ಬೆರಳಿಲೆ ಮ್ಯಾಲ ಎತ್ತಿ ಹಿಡದ್ರ ರಿವರ್ಸ್ ಬೀಳ್ತದ. ಎತ್ತಲಿಲ್ಲಂದ್ರ ಫಸ್ಟ್. ಅವತ್ತ ಅದನ್ನಾ ಹೇಳಾಕ ಬಂದಿದ್ದೆ, ಕಾಕಾ ಬಾಯಿ ಮುಚ್ಚಿಸಿದ್ರು!”

ಎಲ್ಲರೂ ಗಾಡಿಯ ಕಡೆ ಓಡಿದೆವು. ನಾಲ್ಕು ತಲೆ ಒಂದೇ ಬಾಗಿಲಲ್ಲಿ. ಗುಂಡಿನ ಕೆಳಗೆ ಬಳೆ ಎಲ್ಲಿ? ಕರಿ ಉಣ್ಣೆಯ ಏಳು ಸುತ್ತಿನ ಒಳಗೆ ಉಸಿರು ಕಟ್ಟಿ ಕೂತಿತ್ತು. ಮಾಸ್ತರರು ಕೈ ಚಾಚಿ, ಭಂಡಾರ ಕಂಡು ತಟ್ಟನೆ ನಿಲ್ಲಿಸಿ, “ಇದನ್ನ ಯಾರ ಕಟ್ಟ್ಯಾರ?” ಅಂದರು. ಅಪ್ಪ ಒಳಗೆ ಹತ್ತಿ ಕೂತ. ಹೊರಗೆ ಕಬ್ಬಿಣದ ಗೇಟಿನ ಮೇಲೆ ಕಾಗೆಯೊಂದು ಕೂಗುತ್ತಿತ್ತು. ಅಪ್ಪ ಬಾಗಿ ಹಲ್ಲಿನಿಂದ ಗಂಟು ಎಳೆದ, ಒಂದೊಂದೇ ಸುತ್ತು ಬಿಚ್ಚಿದ. ಅವನ ಹಲ್ಲೆಲ್ಲ ಅರಿಶಿನ.

ಬಳೆ ಎತ್ತಿದೆ. ಎಡಕ್ಕೆ ಎಳೆದು ಮೇಲಕ್ಕೆ ಹಾಕಿದೆ. ಟಕ್! ಕ್ಲಚ್ ಬಿಟ್ಟೆ. ಗಾಡಿ ಹಿಂದಕ್ಕೆ ಹೋಯಿತು! ಹೋಯಿತೆಂದರೆ ಹೋಯಿತು, ಒಂದು ಸಪ್ಪಳವಿಲ್ಲ. “ಹೋತು! ಹೋತು! ಹಿಂದ ಹೋತು!” ಅಂತ ನಮ್ಮ ಮನೆಯವರು ಜಗಳ ಮರೆತು ಮಾಸ್ತರರನ್ನು ತಬ್ಬಿಕೊಂಡರು. ನಾನು ಆ ಅಂಗಳದಲ್ಲಿ ಮೂರು ಸಲ ಹಿಂದೆ, ಮೂರು ಸಲ ಮುಂದೆ ಹೋದೆ, ಕಿಲಕಿಲ ನಗುತ್ತ, ಒಂದು ತುಳಸಿ ಕುಂಡ ಉರುಳಿಸಿದೆ. ಮಾಸ್ತರರ ಹೆಂಡತಿ, “ಇರ್ಲಿ ಬಿಡ್ರಿ ಬಾಯಿ, ಇನ್ನೊಂದ ಹಚ್ಚೂಣು” ಅಂತ ತಾವೂ ನಕ್ಕರು.

ಅಪ್ಪ ಮಾತ್ರ ದಾರವನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ. “ಗಾಡಿ ನಿರೋಗಿ ಅದ ಅಪ್ಪಾ,” ಅಂದೆ. “ನಿನ್ನ ಕಿವಿ ತಪ್ಪಿಲ್ಲ.”

“ಕಿವಿ ತಪ್ಪಿಲ್ಲ. ಕೈ ತಪ್ಪ್ಯದ,” ಅಂದ. “ಮರೀ ಕೊಳ್ಳಿಗಿ ಕಟ್ಟೋಮುಂದ ಎರಡ ಬೆರಳ ಜಾಗಾ ಬಿಡಬೇಕು. ಇಲ್ಲಂದ್ರ ಮೇವ ನುಂಗೋದ ಹ್ಯಾಂಗ? ಹಿಂಡಿನವರಿಗೆಲ್ಲಾ ನಾನಾ ಹೇಳಿಕೊಟ್ಟೀನಿ.”

“ಮತ್ತ ಇದಕ್ಕ ಯಾಕ ಅಷ್ಟ ಬಿಗಿ ಕಟ್ಟಿದಿ?”

ಅಪ್ಪ ದಾರವನ್ನು ಬೆರಳಿಗೆ ಸುತ್ತಿಕೊಂಡ. “ನೀ ಹೈವೇದಾಗ ಹೋಗಾಕಿ ಅಲ್ಲೇನವ್ವಾ. ಎಂಥೆಂಥಾ ಲಾರಿ ಬರ್ತಾವ. ಕುರಿಗಿ ಕಟ್ಟೋಮುಂದ ಅಂಜಿಕಿ ಇರಂಗಿಲ್ಲ. ಇದಕ್ಕ ಕಟ್ಟೋಮುಂದ ಅಂಜಿಕಿ ಬಂತು. ಅಂಜಿಕಿ ಬಂದ್ರ ಕೈ ತಾನಾ ಬಿಗಿ ಆಗ್ತದ.”

ನಾನು ಅಂಥದ್ದಕ್ಕೆಲ್ಲ ಅಳುವವಳಲ್ಲ. ಅಂದು ಅತ್ತೆ, ನಗುತ್ತಲೇ. ಅಪ್ಪ ಬೀರಪ್ಪನ ಹೆಸರು ಹೇಳಿ ಅದೇ ದಾರವನ್ನು ಬಳೆಯ ಕೆಳಗೆ ಒಂದೇ ಸುತ್ತು, ಸಡಿಲಾಗಿ ಕಟ್ಟಿದ. ಬರುವಾಗ ಮುಂದಿನ ಸೀಟಿನಲ್ಲಿ ಕೂತ. ಶಿರೂರ ಅನಂತಪಾಳದಲ್ಲಿ ಎರಡು ಪ್ಲೇಟು ಭಜಿ ತಿಂದ. ನಿಲಂಗಾದಲ್ಲಿ ನಿಲ್ಲಿಸಿ ಉಸ್ತಾದರ ಮುಂದೆ ಒಮ್ಮೆ ಹಿಂದೆ ತೆಗೆದು ತೋರಿಸು ಅಂತ ಹಟ ಹಿಡಿದ. ಉಸ್ತಾದರು ಹೊರಸಿನ ಮೇಲೇ ಊರುಗೋಲು ಎತ್ತಿ ಸಲಾಮು ಮಾಡಿದರು. ಉಮರ್ಗಾ ಬರುವಷ್ಟರಲ್ಲಿ ಅಪ್ಪ ನನ್ನ ಫೋನಿನಿಂದ ಮುರುಮಕ್ಕೆ ಮಾತಾಡುತ್ತಿದ್ದ. “ಟಗರ ಇನ್ನಾ ತಗೊಂಡಿಲ್ಲಲ್ಲಾ? ತಡೀರಿ, ನಾ ಬರ್ತೀನಿ. ಕಿವಿ ಈಗ ಬರೋಬರ್ ಆಗ್ಯದ.”

ಈಗಲೂ ನಾನು ಶಾಲೆಗೆ ಹೊರಡುವ ಮೊದಲು ಅಪ್ಪ ಕಿಟಕಿಯಿಂದ ಕೈ ಹಾಕಿ ಆ ದಾರದ ಒಳಗೆ ಎರಡು ಬೆರಳು ತೂರಿಸಿ ನೋಡುತ್ತಾನೆ. ಬೆರಳು ಆಡಿದರೆ ಕೈ ಹೊರಗೆ ತೆಗೆದು, “ಹೋಗವ್ವಾ ಇನ್ನ” ಅನ್ನುತ್ತಾನೆ. ನಾನು ಬಳೆ ಎತ್ತಿ ಹಿಂದಕ್ಕೆ ಹೊರಡುತ್ತೇನೆ.